ಒಂದೇ ಗ್ರಂಥ, ಹಲವು ಓದು: ಕಲಬುರಗಿ ಸೀಮೆಯಿಂದ ನೋಡಿದ ಕ್ರೈಸ್ತ ಐಕ್ಯದ ಚರಿತ್ರೆ

ಕಲಬುರಗಿಯಿಂದ ಹುಮನಾಬಾದ್ ಮಾರ್ಗವಾಗಿ ಬೀದರಿಗೆ ಸಾಗುವ ಹೆದ್ದಾರಿಯ ಮೇಲೆ ಕಮಲಾಪುರವಿದೆ. ಕೆಂಬಾಳೆಗೆ ಹೆಸರಾದ ಈ ಊರು ಈಚೆಗಷ್ಟೇ ತಾಲ್ಲೂಕು ಕೇಂದ್ರವಾಯಿತು. ಈ ದಾರಿಯ ಇಕ್ಕೆಲದ ಸೀಮೆಯಲ್ಲಿ, 19ನೆಯ ಶತಮಾನದ ಕೊನೆಯ ದಶಕಗಳಿಂದ ಮೊದಲ್ಗೊಂಡು, ಶುಭಸಂದೇಶವನ್ನು ಹಳ್ಳಿಹಳ್ಳಿಗೆ ಒಯ್ದವರು ಬಹುಮಟ್ಟಿಗೆ ಅಮೆರಿಕದ ಮೆಥೋಡಿಸ್ಟ್ ಮಿಷನ್ನಿನವರು. ದಕ್ಷಿಣದ ಮುದಗಲ್ಲಿನಲ್ಲಿ ಆದಿಲ್‌ಶಾಹಿ ಕಾಲಕ್ಕೆ ಮುಟ್ಟುವ ಕಥೋಲಿಕ ಸಮುದಾಯವೊಂದು ಇದೆಯಾದರೂ, ಕಲಬುರಗಿಯನ್ನೇ ಕೇಂದ್ರವಾಗಿ ಉಳ್ಳ ಕಥೋಲಿಕ ಧರ್ಮಕ್ಷೇತ್ರ ಸ್ಥಾಪನೆಯಾದುದು 2005ರ ಜೂನ್ 24ರಂದು. ಪೂಜ್ಯ ರಾಬರ್ಟ್ ಮೈಕಲ್ ಮಿರಾಂದಾ ಅವರು ಅದರ ಪ್ರಥಮ ಧರ್ಮಾಧ್ಯಕ್ಷರಾದರು. ಅಂದರೆ ಈ ನಾಡಿನಲ್ಲಿ ನಮ್ಮ ಧರ್ಮಕ್ಷೇತ್ರ ಕಿರಿಯದು. ನೆರೆಯ ಸಭೆ ಹಿರಿಯದು.

ನಮ್ಮ ಗುರುಮಠಗಳಿಂದ ಇಂಥ ಸೀಮೆಗೆ ಸೇವೆಗೆ ಹೋಗುವ ಯುವ ಗುರುವಿಗೆ ಎದುರಾಗುವ ಪ್ರಶ್ನೆಗಳು ತರಗತಿಯಲ್ಲಿ ಕೇಳಿದ ಪ್ರಶ್ನೆಗಳಂತೆ ಇರುವುದಿಲ್ಲ. ಮೆಥೋಡಿಸ್ಟ್ ಸಭೆಯಲ್ಲಿ ದೀಕ್ಷಾಸ್ನಾನ ಪಡೆದ ಹೆಣ್ಣುಮಗಳು ಕಥೋಲಿಕ ಮನೆಗೆ ಸೊಸೆಯಾಗಿ ಬಂದರೆ ಆಕೆಗೆ ಮತ್ತೊಮ್ಮೆ ಜ್ಞಾನಸ್ನಾನ ನೀಡಬೇಕೆ? ಒಂದೇ ಮನೆಯಲ್ಲಿ 66 ಗ್ರಂಥಗಳ ಸತ್ಯವೇದವೂ 73 ಗ್ರಂಥಗಳ ಬೈಬಲ್ಲೂ ಇದ್ದರೆ ಸಂಜೆಯ ಪ್ರಾರ್ಥನೆಗೆ ಯಾವುದನ್ನು ತೆರೆಯಬೇಕು? ಸತ್ತ ತಂದೆಗಾಗಿ ಪ್ರಾರ್ಥಿಸುವುದು ವಾಕ್ಯಾನುಸಾರವೇ ಎಂದು ಅಣ್ಣ ಕೇಳಿದರೆ ತಮ್ಮ ಏನು ಉತ್ತರಿಸಬೇಕು? ಇವೆಲ್ಲವೂ ಒಂದೇ ಪ್ರಶ್ನೆಯ ಹಲವು ಮುಖಗಳು: ಪವಿತ್ರ ಗ್ರಂಥವನ್ನು ಬೇರೆ ಬೇರೆಯಾಗಿ ಓದುವವರು ಒಂದೇ ದೇಹದ ಅಂಗಗಳಾಗಿ ಉಳಿಯಬಲ್ಲರೆ?

ಸಾಮಾನ್ಯವಾದ ಉತ್ತರವೊಂದು ನಮ್ಮೆಲ್ಲರ ನಾಲಿಗೆಯ ಮೇಲಿದೆ. ವ್ಯಾಖ್ಯಾನ ಭೇದವೇ ಒಡಕಿಗೆ ಮೂಲ. ಎಲ್ಲರೂ ಒಂದೇ ಬಗೆಯಾಗಿ ಓದುವ ದಿನ ಐಕ್ಯವು ತಾನಾಗಿ ಬರುವುದು. ಚರಿತ್ರೆಯನ್ನು ಪರಿಶೀಲಿಸಿದರೆ ಈ ಉತ್ತರ ನಿಲ್ಲುವುದಿಲ್ಲವೆಂಬುದು ನಮ್ಮ ವಾದ. ಬೇರೆಯಾಗಿ ಓದಿದವರು ಕೂಡಿ ಬಾಳಿದ್ದುಂಟು. ಒಂದೇ ಬಗೆಯಾಗಿ ಓದಿದವರು ಬೇರೆಯಾಗಿಯೇ ಉಳಿದದ್ದೂ ಉಂಟು. ಎರಡಕ್ಕೂ ಸಾಕ್ಷಿ ನಮ್ಮ ಕನ್ನಡ ನಾಡಿನಲ್ಲೇ ಇದೆ.

ಆದಿಸಭೆಯ ಅನುಭವ

ಪ್ರೇಷಿತರ ಕಾರ್ಯಕಲಾಪಗಳ 15ನೆಯ ಅಧ್ಯಾಯವನ್ನು ನಾವು ಮೊದಲ ಮಹಾಸಭೆಯ ವರದಿಯೆಂದು ಓದುತ್ತೇವೆ. ಅಲ್ಲಿ ಚರ್ಚೆಗೆ ಬಂದದ್ದು ಒಂದು ವ್ಯಾಖ್ಯಾನದ ಪ್ರಶ್ನೆಯೇ. ಅಬ್ರಹಾಮನಿಗೆ ಕೊಟ್ಟ ಸುನ್ನತಿಯ ವಿಧಿ ಅನ್ಯಧರ್ಮೀಯ ವಿಶ್ವಾಸಿಗಳಿಗೂ ಅನ್ವಯಿಸುತ್ತದೆಯೇ? ಸುನ್ನತಿ ಬೇಕೆಂದವರ ಕೈಯಲ್ಲಿ ಸ್ಪಷ್ಟವಾದ ವಾಕ್ಯಗಳಿದ್ದವು. ಬೇಡವೆಂದವರ ಬಳಿ ಪೇತ್ರನ ಅನುಭವ, ಪೌಲ ಬಾರ್ನಬರ ಸಾಕ್ಷ್ಯ ಇದ್ದವು. ಯಕೋಬನು ಆಮೋಸನ ಪ್ರವಾದನೆಯನ್ನು ಆಧಾರವಾಗಿ ಹಿಡಿದಾಗ, ಲೂಕನು ಕೊಡುವ ಪಾಠ ಹೀಬ್ರೂ ಮೂಲಕ್ಕಿಂತ ಗ್ರೀಕ್ ಅನುವಾದಕ್ಕೆ ಹತ್ತಿರವಾಗಿದೆ. ಹೀಬ್ರೂ ಪಾಠದಲ್ಲಿ ಎದೋಮಿನ ಶೇಷವನ್ನು ವಶಪಡಿಸಿಕೊಳ್ಳುವ ಮಾತಿದ್ದರೆ, ಗ್ರೀಕ್ ಪಾಠದಲ್ಲಿ ಮಾನವಕುಲದ ಶೇಷವು ದೇವರನ್ನು ಅರಸುವ ಮಾತಿದೆ. ಹೀಗೆ ಅನುವಾದ ಭೇದದ ಒಳಗಿಂದಲೇ ಧರ್ಮಸಭೆಯ ಬಾಗಿಲು ಅನ್ಯಧರ್ಮೀಯರಿಗೆ ತೆರೆಯಿತು. ಆ ತೀರ್ಮಾನವೂ ಒಂದು ಪಕ್ಷದ ಸಂಪೂರ್ಣ ಜಯವಾಗಿರಲಿಲ್ಲ. ಸುನ್ನತಿಯ ಹೊರೆಯನ್ನು ಇಳಿಸಿದ ಸಭೆ, ಯೆಹೂದಿ ಸಹೋದರರೊಡನೆ ಒಂದೇ ಪಂಕ್ತಿಯಲ್ಲಿ ಉಣ್ಣಲು ಅಗತ್ಯವಾದ ಕೆಲವು ನಿಯಮಗಳನ್ನು ಉಳಿಸಿತು. ಸತ್ಯವನ್ನು ಹೇಳಿದ ಸಭೆಯೇ ಸಹಪಂಕ್ತಿಯನ್ನೂ ನೆನೆಯಿತು.

ಎರಡನೆಯ ಶತಮಾನದಲ್ಲಿ ಪಾಸ್ಖ ಹಬ್ಬದ ದಿನದ ಪ್ರಶ್ನೆ ಎದ್ದಿತು. ಏಷ್ಯಾ ಪ್ರಾಂತ್ಯದವರು ಯೆಹೂದಿ ತಿಂಗಳ 14ನೆಯ ದಿನವನ್ನು ಹಿಡಿದರು. ರೋಮಿನವರು ಭಾನುವಾರವನ್ನು ಹಿಡಿದರು. ಸುಮಾರು 155ರಲ್ಲಿ ಸ್ಮಿರ್ನದ ಪಾಲಿಕಾರ್ಪನು ರೋಮಿಗೆ ಬಂದಾಗ ಧರ್ಮಾಧ್ಯಕ್ಷ ಅನಿಸೇತನೂ ಅವನೂ ಒಬ್ಬರನ್ನೊಬ್ಬರು ಒಪ್ಪಿಸಲಾರದೆ ಹೋದರು. ಆದರೂ ಅನಿಸೇತನು ತನ್ನ ದೇವಾಲಯದಲ್ಲಿ ಪರಮಪ್ರಸಾದದ ಆಚರಣೆಯನ್ನು ಗೌರವಾರ್ಥವಾಗಿ ಪಾಲಿಕಾರ್ಪನಿಗೇ ಬಿಟ್ಟುಕೊಟ್ಟನು. ಮುಂದೆ ಜಗದ್ಗುರು ವಿಕ್ಟರರು ಏಷ್ಯಾದ ಸಭೆಗಳನ್ನು ಬಹಿಷ್ಕರಿಸಲು ಮುಂದಾದಾಗ, ಲಿಯೋನಿನ ಇರೆನೇಯನು ಈ ಘಟನೆಯನ್ನೇ ನೆನಪಿಸಿ ತಡೆದನು. ಉಪವಾಸದ ಕ್ರಮದಲ್ಲಿನ ಭೇದವು ವಿಶ್ವಾಸದ ಏಕತೆಯನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ ಎಂಬುದು ಅವನ ವಾದದ ತಿರುಳು. ರೋಮಿನೊಡನೆ ಐಕ್ಯದಲ್ಲಿದ್ದುಕೊಂಡೇ ಅವನು ರೋಮಿನ ಧರ್ಮಾಧ್ಯಕ್ಷರಿಗೆ ಈ ಮಾತನ್ನು ಬರೆದನೆಂಬುದು ಗಮನಾರ್ಹ.

ಮೂರನೆಯ ಶತಮಾನದ ಕಾರ್ಥೇಜಿನ ಪ್ರಕರಣ ಕಲಬುರಗಿಯ ನಮಗೆ ಇನ್ನೂ ಹತ್ತಿರವಾದುದು. ಒಡೆದುಹೋದ ಗುಂಪುಗಳಲ್ಲಿ ಸ್ನಾನ ಪಡೆದು ಬಂದವರಿಗೆ ಮತ್ತೆ ಸ್ನಾನ ನೀಡಬೇಕೆ ಎಂಬುದು ಪ್ರಶ್ನೆ. ಒಂದೇ ಧರ್ಮಸಭೆ ಇರುವುದರಿಂದ ಒಂದೇ ಸ್ನಾನ. ಸಭೆಯ ಹೊರಗೆ ನಡೆದುದು ಸ್ನಾನವೇ ಅಲ್ಲ ಎಂದು ಸಂತ ಸಿಪ್ರಿಯಾನನು ವಾದಿಸಿದನು. ರೋಮಿನ ಜಗದ್ಗುರು ಸ್ಟೀಫನರು ಪರಂಪರೆಯನ್ನು ಆಧರಿಸಿ, ಅಂಥವರ ಮೇಲೆ ಕೈಯಿಟ್ಟು ಸ್ವೀಕರಿಸಿದರೆ ಸಾಕೆಂದರು. 256ರ ಸೆಪ್ಟೆಂಬರ್ 1ರಂದು ಆಫ್ರಿಕದ 87 ಧರ್ಮಾಧ್ಯಕ್ಷರು ಸಿಪ್ರಿಯಾನನ ಪಕ್ಷವನ್ನು ಅನುಮೋದಿಸಿದರು. ಆದರೆ ಅದೇ ಸಭೆಯ ಆರಂಭದಲ್ಲಿ ಸಿಪ್ರಿಯಾನನು, ಬೇರೆ ಅಭಿಪ್ರಾಯ ಉಳ್ಳ ಯಾರನ್ನೂ ಐಕ್ಯದಿಂದ ಹೊರಹಾಕುವುದಿಲ್ಲವೆಂದು ಸ್ಪಷ್ಟಪಡಿಸಿದ್ದನು. ಎರಡು ವರ್ಷಗಳ ಬಳಿಕ ಅವನು ರಕ್ತಸಾಕ್ಷಿಯಾದನು.

ಸುಮಾರು 400ರಲ್ಲಿ ಡೊನಾಟಿಸ್ಟರು ಸಿಪ್ರಿಯಾನನ ಹೆಸರನ್ನು ತಮ್ಮ ಒಡಕಿನ ಸಮರ್ಥನೆಗೆ ಬಳಸಿದಾಗ, ಸಂತ ಅಗಸ್ತೀನನು ಕೊಟ್ಟ ಉತ್ತರ ದೈವಶಾಸ್ತ್ರದ ಚರಿತ್ರೆಯಲ್ಲಿ ಒಂದು ತಿರುವು. ಸಿಪ್ರಿಯಾನನ ಅಭಿಪ್ರಾಯ ತಪ್ಪಾಗಿತ್ತು. ಅವನ ಪ್ರೀತಿ ಸರಿಯಾಗಿತ್ತು. ಡೊನಾಟಿಸ್ಟರು ಅವನ ತಪ್ಪನ್ನು ಮಾತ್ರ ಎತ್ತಿಕೊಂಡು, ಅವನು ಕಾಪಾಡಿದ ಐಕ್ಯವನ್ನು ಬಿಟ್ಟರು. ಸ್ನಾನವು ಕೊಡುವವನ ಸ್ವತ್ತಾಗಿರದೆ ಕ್ರಿಸ್ತನದಾಗಿರುವುದರಿಂದ ಅದನ್ನು ಮರುಕಳಿಸಲಾಗದು ಎಂಬ ಅಗಸ್ತೀನನ ಬೋಧನೆಯೇ ಇಂದು ನಮ್ಮ ಧರ್ಮಸಭೆಯ ನಿಯಮಕ್ಕೆ ತಳಹದಿ. ಮೇಲೆ ಹೇಳಿದ ಸೊಸೆಯ ಪ್ರಶ್ನೆಗೆ ಉತ್ತರ ಕಾರ್ಥೇಜಿನಲ್ಲೇ ಸಿದ್ಧವಾಯಿತು.

ಕನ್ನಡಕ್ಕೆ ಬಂದ ಗ್ರಂಥ

ಅನುವಾದವೇ ಮೊದಲ ವ್ಯಾಖ್ಯಾನ. ಸಂತ ಜೆರೋಮನು ಹೀಬ್ರೂವಿನಿಂದ ಹೊಸದಾಗಿ ಅನುವಾದಿಸಿದ ಯೋನನ ಗ್ರಂಥವನ್ನು ಉತ್ತರ ಆಫ್ರಿಕದ ಓಯಾ ಪಟ್ಟಣದಲ್ಲಿ ಓದಿದಾಗ, ಪ್ರವಾದಿಗೆ ನೆರಳು ಕೊಟ್ಟ ಗಿಡದ ಹೆಸರು ಬದಲಾಗಿದ್ದುದರಿಂದ ಜನ ಗದ್ದಲವೆಬ್ಬಿಸಿದರು. ಸೋರೆಯೆಂದು ತಲೆಮಾರುಗಳಿಂದ ಕೇಳಿದ್ದವರಿಗೆ ಬೇರೊಂದು ಬಳ್ಳಿಯ ಹೆಸರು ಸಹಿಸಲಿಲ್ಲ. ಅಗಸ್ತೀನನು 403ರ ಸುಮಾರಿಗೆ ಈ ಸಂಗತಿಯನ್ನು ಜೆರೋಮನಿಗೆ ಬರೆದು ಎಚ್ಚರಿಸಿದನು. ಜೆರೋಮನು ಬಿರುಸಾಗಿಯೇ ಉತ್ತರಿಸಿದನು. ಅಂತಿಯೋಕ್ಯದಲ್ಲಿ ಪೇತ್ರನನ್ನು ಪೌಲನು ಖಂಡಿಸಿದ ಪ್ರಸಂಗದ ಅರ್ಥದ ಬಗೆಗೂ ಅವರಿಬ್ಬರು ಒಪ್ಪಲಿಲ್ಲ. ಇಬ್ಬರೂ ಇಂದು ಒಂದೇ ಪಂಚಾಂಗದಲ್ಲಿ ಸಂತರು.

ಕನ್ನಡದಲ್ಲಿ ಈ ಚರಿತ್ರೆ ಬಳ್ಳಾರಿಯಿಂದ ಆರಂಭವಾಗುತ್ತದೆ. 1810ರಲ್ಲಿ ಅಲ್ಲಿಗೆ ಬಂದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್, ಮುಂದೆ ಅವರೊಡನೆ ಸೇರಿದ ವಿಲಿಯಂ ರೀವ್ ಹಾಗೂ ಅವರಿಗೆ ನೆರವಾದ ಕನ್ನಡಿಗರ ದುಡಿಮೆಯಿಂದ ಸಂಪೂರ್ಣ ಕನ್ನಡ ಬೈಬಲ್ 1831ರಲ್ಲಿ ಪೂರ್ಣಗೊಂಡಿತು. ಇತ್ತ ಸೆರಾಂಪುರದಲ್ಲಿ ವಿಲಿಯಂ ಕೇರಿಯವರ ಬಳಗ ಸಿದ್ಧಪಡಿಸಿದ್ದ ಕನ್ನಡ ಹಸ್ತಪ್ರತಿ 1812ರ ಬೆಂಕಿಗೆ ಆಹುತಿಯಾಗಿ, ಮತ್ತೆ ಮಾಡಿದ ಹೊಸ ಒಡಂಬಡಿಕೆ 1823ರಲ್ಲಿ ಹೊರಬಂದಿತು. 1850ರ ದಶಕದಲ್ಲಿ ಬಾಸೆಲ್ ಮಿಷನ್ನಿನ ಗಾಟ್‌ಫ್ರೀಡ್ ವೈಗ್ಲೆ ಮೊದಲಾದವರ ಪರಿಷ್ಕರಣ ಬಂದಿತು. ಲಂಡನ್ ಮಿಷನ್ನಿನವರು ಸ್ವತಂತ್ರ ಸಭೆಗಳ ಪರಂಪರೆಯವರು, ಬಾಸೆಲ್ಲಿನವರು ಲುಥರ್ ಮತ್ತು ಕ್ಯಾಲ್ವಿನ್ ಎರಡೂ ಧಾರೆಗಳಿಂದ ಬಂದವರು, ಮೈಸೂರಿನ ವೆಸ್ಲಿಯನ್ನರು ಮೆಥೋಡಿಸ್ಟರು. ಸಭಾಡಳಿತ, ದೈವನಿಯಾಮಕ ಮುಂತಾದ ವಿಷಯಗಳಲ್ಲಿ ಬೇರೆ ಬೇರೆ ಪರಂಪರೆಗಳ ಈ ಸಭೆಗಳು ಕನ್ನಡದಲ್ಲಿ ಒಂದೇ ಪಾಠವನ್ನು ಕೈಗೆತ್ತಿಕೊಂಡವು. ಒಂದೇ ಪಾಠವಿದ್ದುದರಿಂದಲೇ ಅವರ ಜಗಳ ಒಂದೇ ಭಾಷೆಯ ಒಳಗಿನ ಜಗಳವಾಯಿತು. ಮಾತುಕತೆಗೆ ಆಸ್ಪದ ಉಳಿಯಿತು.

ಕಥೋಲಿಕರೂ ಪ್ರೊಟೆಸ್ಟೆಂಟರೂ ಮಾತ್ರ ಬಹುಕಾಲ ಎರಡು ಕನ್ನಡಗಳನ್ನು ಆಡಿದರು. ನಮ್ಮಲ್ಲಿ ಧರ್ಮಸಭೆ, ಅವರಲ್ಲಿ ಸಭೆ. ನಮ್ಮಲ್ಲಿ ಪ್ರೇಷಿತ, ಅವರಲ್ಲಿ ಅಪೊಸ್ತಲ. ನಮ್ಮಲ್ಲಿ ಶುಭಸಂದೇಶ, ಅವರಲ್ಲಿ ಸುವಾರ್ತೆ. ನಮ್ಮಲ್ಲಿ ಯೊವಾನ್ನ, ಅವರಲ್ಲಿ ಯೋಹಾನ. ಅವರು ಯೆಹೋವ ಎಂದೆಡೆ ನಾವು ಸರ್ವೇಶ್ವರ ಎನ್ನುತ್ತೇವೆ. ಒಂದೇ ಕೇರಿಯ ಎರಡು ಮನೆಗಳ ಮಕ್ಕಳು ಒಂದೇ ದೇವರನ್ನು ಎರಡು ಹೆಸರುಗಳಿಂದ ಕರೆಯುತ್ತ ಬೆಳೆದರೆ, ದೊಡ್ಡವರಾದ ಮೇಲೆ ದೇವರೇ ಇಬ್ಬರೆಂದು ಭಾವಿಸಿದರೆ ಆಶ್ಚರ್ಯವಿಲ್ಲ. ಒಡಕಿನ ಎಷ್ಟೋ ಪಾಲು ಸಿದ್ಧಾಂತದಲ್ಲಿ ಇರದೆ ಕಿವಿಯಲ್ಲಿ ಇದೆ.

ಈ ಗೋಡೆಯಲ್ಲಿ ಕಿಂಡಿ ತೆರೆದದ್ದು ದ್ವಿತೀಯ ವ್ಯಾಟಿಕನ್ ಮಹಾಸಭೆ. 1965ರ ನವೆಂಬರ್ 18ರಂದು ಪ್ರಕಟವಾದ ದೈವಾವಿಷ್ಕಾರದ ಸಂವಿಧಾನವು ತನ್ನ 22ನೆಯ ಪರಿಚ್ಛೇದದಲ್ಲಿ, ಅಗಲಿದ ಸಹೋದರರ ಸಹಕಾರದಿಂದ ಮಾಡಿದ ಅನುವಾದಗಳನ್ನು ಎಲ್ಲ ಕ್ರೈಸ್ತರೂ ಬಳಸಬಹುದೆಂದಿತು. 1968ರಲ್ಲಿ ಅಂತಾರಾಷ್ಟ್ರೀಯ ಬೈಬಲ್ ಸೊಸೈಟಿಗಳ ಒಕ್ಕೂಟವೂ ವ್ಯಾಟಿಕನ್ನಿನ ಕ್ರೈಸ್ತ ಐಕ್ಯ ಕಾರ್ಯಾಲಯವೂ ಕೂಡಿ ಇದಕ್ಕೆ ಮಾರ್ಗಸೂತ್ರಗಳನ್ನು ರೂಪಿಸಿದವು. 1987ರಲ್ಲಿ ಅವು ಪರಿಷ್ಕೃತಗೊಂಡವು. ಭಾರತೀಯ ಬೈಬಲ್ ಸೊಸೈಟಿ ಹೊರತಂದ ಸಾಮಾನ್ಯ ಭಾಷೆಯ ಕನ್ನಡ ಅನುವಾದ, ಇಂದು ನಮ್ಮ ಬಲಿಪೂಜೆಯಲ್ಲಿ ನಾವು ಕೇಳುವ ಪಾಠ, ಈ ಹಾದಿಯಲ್ಲಿ ಬಂದುದು.

ಕೂಡಿದವರು, ಕೂಡದವರು

1919ರ ಮೇ 1 ಮತ್ತು 2ರಂದು ತರಂಗಂಬಾಡಿಯಲ್ಲಿ 33 ಮಂದಿ ಸೇರಿದರು. ಇಬ್ಬರ ಹೊರತು ಎಲ್ಲರೂ ಭಾರತೀಯರು. ದೋರ್ನಕಲ್ಲಿನ ಆಂಗ್ಲಿಕನ್ ಧರ್ಮಾಧ್ಯಕ್ಷ ವೇದನಾಯಕಂ ಸಾಮುವೇಲ್ ಅಜರಯ್ಯನವರು ಅವರಲ್ಲಿ ಪ್ರಮುಖರು. ಪಶ್ಚಿಮದ ಒಡಕುಗಳು ತಮ್ಮ ಮೇಲೆ ಹೇರಲ್ಪಟ್ಟವು, ಅವನ್ನು ತಾವು ಆರಿಸಿಕೊಂಡಿಲ್ಲ ಎಂಬುದು ಅವರ ಘೋಷಣೆಯ ಸಾರ. ಅಲ್ಲಿಂದ 28 ವರ್ಷಗಳ ಮಾತುಕತೆ ನಡೆದು, 1947ರ ಸೆಪ್ಟೆಂಬರ್ 27ರಂದು ಮದರಾಸಿನ ಸಂತ ಜಾರ್ಜ್ ಕಥೀಡ್ರಲ್ಲಿನಲ್ಲಿ ದಕ್ಷಿಣ ಭಾರತ ಸಭೆ ಉದಯಿಸಿತು. ಆಂಗ್ಲಿಕನ್ನರ ನಾಲ್ಕು ಧರ್ಮಕ್ಷೇತ್ರಗಳು, ಬ್ರಿಟಿಷ್ ಮೂಲದ ಮೆಥೋಡಿಸ್ಟರು, ಬಳ್ಳಾರಿಯ ಲಂಡನ್ ಮಿಷನ್ ಪರಂಪರೆಯೂ ಒಳಗೊಂಡಿದ್ದ ದಕ್ಷಿಣ ಭಾರತ ಐಕ್ಯ ಸಭೆ ಇವು ಮೂರೂ ಒಂದಾದವು.

ಇವರ ನಡುವಿನ ಮುಖ್ಯ ತೊಡಕು ಧರ್ಮಾಧ್ಯಕ್ಷ ಪದವಿಯ ಪ್ರಶ್ನೆ. ಕಾರ್ಯಕಲಾಪಗಳ 20ನೆಯ ಅಧ್ಯಾಯದಲ್ಲಿ ಹಿರಿಯರೂ ಮೇಲ್ವಿಚಾರಕರೂ ಒಬ್ಬರೇ ಆಗಿ ಕಾಣುತ್ತಾರೆ. ತೀತನಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲೂ ಹಾಗೆಯೇ. ಆದ್ದರಿಂದ ಪ್ರತ್ಯೇಕ ಧರ್ಮಾಧ್ಯಕ್ಷ ಪದವಿಗೆ ವಾಕ್ಯಾಧಾರವಿಲ್ಲವೆಂದು ಸ್ವತಂತ್ರ ಸಭೆಗಳ ಪರಂಪರೆಯವರ ಓದು. ತಿಮೊಥೇಯ, ತೀತರು ಇತರ ಹಿರಿಯರ ಮೇಲೆ ಅಧಿಕಾರ ಉಳ್ಳವರಾಗಿದ್ದರು, ಎರಡನೆಯ ಶತಮಾನದ ಇಗ್ನೇಷಿಯಸನ ಸಾಕ್ಷ್ಯ ಅದೇ ಬೆಳವಣಿಗೆಯ ಫಲ ಎಂಬುದು ಆಂಗ್ಲಿಕನ್ನರ ಓದು. ಎರಡೂ ಓದುಗಳು 1919ರಲ್ಲಿ ಇದ್ದವು; 1947ರಲ್ಲೂ ಇದ್ದವು. ಹೊಸ ಸಭೆಯ ಸಂವಿಧಾನ ಮಾಡಿದ್ದೇನೆಂದರೆ, ಚಾರಿತ್ರಿಕ ಧರ್ಮಾಧ್ಯಕ್ಷ ಪದವಿಯನ್ನು ಸ್ವೀಕರಿಸಿ, ಅದರ ಬಗ್ಗೆ ಯಾವುದೊಂದು ನಿರ್ದಿಷ್ಟ ವ್ಯಾಖ್ಯಾನವನ್ನೂ ಬೋಧಕರಿಂದಾಗಲಿ ಸದಸ್ಯರಿಂದಾಗಲಿ ಕೇಳುವುದಿಲ್ಲವೆಂದು ಬರೆದುದು. ಹಿಂದೆ ಧರ್ಮಾಧ್ಯಕ್ಷರಿಂದ ಅಭಿಷೇಕ ಹೊಂದದ ಬೋಧಕರನ್ನೂ ಸ್ವೀಕರಿಸಿ, ಮನಸ್ಸಾಕ್ಷಿಗೆ ನೋವಾಗುವಂಥ ಬೋಧಕರನ್ನು ಯಾವ ಸಭೆಯ ಮೇಲೂ ಹೇರುವುದಿಲ್ಲವೆಂದು ಪ್ರತಿಜ್ಞೆ ಮಾಡಿ, 30 ವರ್ಷಗಳ ಕಾಲಾವಕಾಶ ಇಟ್ಟುಕೊಂಡರು. ಕಥೋಲಿಕ ದೈವಶಾಸ್ತ್ರದ ದೃಷ್ಟಿಯಿಂದ ಈ ಪರಿಹಾರದಲ್ಲಿ ಕೊರತೆಗಳಿವೆ. ಗುರುಪಟ್ಟದ ಸಂಸ್ಕಾರದ ಬಗ್ಗೆ ನಾವು ಹೇಳಬೇಕಾದುದು ಉಳಿದೇ ಇದೆ. ನಂದ್ಯಾಲದ ಕೆಲವು ಆಂಗ್ಲಿಕನ್ನರು ಅದನ್ನು ಒಪ್ಪದೆ ಹೊರಗುಳಿದರು. ಆದರೂ ವ್ಯಾಖ್ಯಾನ ಭೇದವನ್ನು ಇಟ್ಟುಕೊಂಡೇ ಕೂಡಬಹುದೆಂಬುದಕ್ಕೆ ಇದು ಜಗತ್ತಿನ ಗಮನ ಸೆಳೆದ ದೃಷ್ಟಾಂತ.

ಈಗ ಕಲಬುರಗಿಯತ್ತ ನೋಡೋಣ. ಇಲ್ಲಿನ ಮೆಥೋಡಿಸ್ಟರು ಈ ಐಕ್ಯದಲ್ಲಿ ಸೇರಲಿಲ್ಲ. ಏಕೆ? ರಾಜಕೀಯ ಗಡಿ ಕಾರಣವಿರಬಹುದೆಂದು ಮೊದಲಿಗೆ ತೋರುತ್ತದೆ, ಏಕೆಂದರೆ 1948ರ ಸೆಪ್ಟೆಂಬರಿನವರೆಗೆ ಕಲಬುರಗಿ ಬೀದರುಗಳು ನಿಜಾಮರ ಆಳ್ವಿಕೆಯಲ್ಲಿದ್ದವು. ಆದರೆ ಬೀದರಿನ ನೆರೆಯ ಮೇದಕವೂ ಅದೇ ನಿಜಾಮರ ರಾಜ್ಯದಲ್ಲಿತ್ತು. ಅಲ್ಲಿನ ಮೆಥೋಡಿಸ್ಟರು 1947ರಲ್ಲೇ ದಕ್ಷಿಣ ಭಾರತ ಸಭೆಯ ಭಾಗವಾದರು. ಮೈಸೂರಿನ ಮೆಥೋಡಿಸ್ಟರೂ ಅದೇ ದಾರಿ ಹಿಡಿದರು. ಹಾಗಾದರೆ ವ್ಯಾಖ್ಯಾನ ಭೇದವೆ? ಅದೂ ಅಲ್ಲ. ಮೇದಕದವರೂ ಬೀದರಿನವರೂ ಇಬ್ಬರೂ ಜಾನ್ ವೆಸ್ಲಿಯ ಶಿಷ್ಯ ಪರಂಪರೆಯವರು. ಕೃಪೆ, ವಿಶ್ವಾಸ, ಪವಿತ್ರೀಕರಣಗಳ ಬಗ್ಗೆ ಅವರ ಓದು ಒಂದೇ. ಭೇದವಿದ್ದುದು ತಾಯಿಬೇರಿನಲ್ಲಿ: ಮೇದಕದ ಮಿಷನ್ ಬ್ರಿಟಿಷ್ ಮೆಥೋಡಿಸ್ಟರದು, ಅವರು ಮಾತುಕತೆಯಲ್ಲಿ ಪಾಲುದಾರರು, ಬೀದರ ಕಲಬುರಗಿಗಳದು ಅಮೆರಿಕದ ಮಹಾಸಮ್ಮೇಳನಕ್ಕೆ ಜೋಡಿಸಿಕೊಂಡಿದ್ದ, ಇಡೀ ದಕ್ಷಿಣ ಏಷ್ಯಕ್ಕೆ ಹರಡಿದ್ದ ಸಂಘಟನೆ. ಮುಂದೆ 1970ರ ನವೆಂಬರ್ 29ರಂದು ನಾಗಪುರದಲ್ಲಿ ಉತ್ತರ ಭಾರತ ಸಭೆ ರೂಪುಗೊಂಡಾಗಲೂ, ದೀರ್ಘಕಾಲ ಮಾತುಕತೆಯಲ್ಲಿದ್ದ ಈ ಮೆಥೋಡಿಸ್ಟರು ಕಟ್ಟಕಡೆಯ ತಿಂಗಳುಗಳಲ್ಲಿ ಹಿಂದೆ ಸರಿದರು. ಬ್ರಿಟಿಷ್ ಮೂಲದ ಮೆಥೋಡಿಸ್ಟರು ಅಲ್ಲಿಯೂ ಸೇರಿದರು. 1981ರ ಜನವರಿ 7ರಂದು ಮದರಾಸಿನಲ್ಲಿ ಭಾರತದ ಮೆಥೋಡಿಸ್ಟ್ ಸಭೆ ಸ್ವಾಯತ್ತ ಸಂಸ್ಥೆಯಾಗಿ ನಿಂತಿತು.

ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ನಮ್ಮ ವಾದ ಸ್ಪಷ್ಟವಾಗುತ್ತದೆ. ಧರ್ಮಾಧ್ಯಕ್ಷ ಪದವಿಯನ್ನು ಬೇರೆ ಬೇರೆಯಾಗಿ ಓದಿದ ಆಂಗ್ಲಿಕನ್ನರೂ ಬಳ್ಳಾರಿಯ ಸಭೆಗಳವರೂ ಕೂಡಿದರು. ಎಲ್ಲವನ್ನೂ ಒಂದೇ ಬಗೆಯಾಗಿ ಓದಿದ ಮೇದಕ, ಬೀದರಿನ ಮೆಥೋಡಿಸ್ಟರು ಬೇರೆಯಾಗಿ ಉಳಿದರು. ಇದನ್ನು ಯಾರ ಮೇಲಿನ ದೂರಾಗಿಯೂ ನಾವು ಹೇಳುತ್ತಿಲ್ಲ. ಪ್ರತಿಯೊಂದು ಸಭೆಗೂ ತನ್ನ ನಿಷ್ಠೆಗಳಿಗೆ ಕಾರಣಗಳಿದ್ದವು. ಆದರೆ ವ್ಯಾಖ್ಯಾನದ ಭೇದ ಒಡಕಿಗೆ ಸಾಕಾದ ಕಾರಣವೂ ಅಲ್ಲ, ಅನಿವಾರ್ಯ ಕಾರಣವೂ ಅಲ್ಲ. ಆಸ್ತಿ, ಆಡಳಿತ, ನೆನಪು, ಅಭ್ಯಾಸ, ದೂರದ ತಾಯಿಸಂಸ್ಥೆಯ ಬಂಧ ಇವೂ ಒಡಕನ್ನು ಕಾಯುತ್ತವೆ. ಕೆಲವೊಮ್ಮೆ ವಾಕ್ಯದ ಹೆಸರನ್ನು ಎರವಲು ಪಡೆಯುತ್ತವೆ.

ರೋಮನರಿಗೆ ಬರೆದ ಪತ್ರ, ಯಕೋಬನ ಪತ್ರ

ಹಾಗೆಂದು ಎಲ್ಲ ಭೇದವೂ ತೋರಿಕೆಯದೆಂದಲ್ಲ. ಪಶ್ಚಿಮದ ಧರ್ಮಸಭೆ ಒಡೆದುದು ಒಂದು ನಿಜವಾದ ಪ್ರಶ್ನೆಯ ಸುತ್ತ. ಮನುಷ್ಯನು ಧರ್ಮಶಾಸ್ತ್ರದ ಕಾರ್ಯಗಳಿಂದಲ್ಲ, ವಿಶ್ವಾಸದಿಂದ ದೇವರಿಗೆ ಸ್ವೀಕಾರ್ಹನಾಗುತ್ತಾನೆಂದು ರೋಮ 3:28 ಬೋಧಿಸುತ್ತದೆ. ಬರಿಯ ವಿಶ್ವಾಸದಿಂದಲೇ ಆಗದು, ಕಾರ್ಯಗಳೂ ಬೇಕೆಂದು ಯಕೋಬ 2:24 ಬೋಧಿಸುತ್ತದೆ. ಲುಥರನು 1522ರ ತನ್ನ ಜರ್ಮನ್ ಅನುವಾದದಲ್ಲಿ ಮೊದಲ ವಾಕ್ಯಕ್ಕೆ ‘ಮಾತ್ರ’ ಎಂಬ ಅರ್ಥದ ಪದವನ್ನು ಸೇರಿಸಿದನು. ಟ್ರೆಂಟ್ ಮಹಾಸಭೆ 1547ರ ಜನವರಿ 13ರ ತನ್ನ ಶಾಸನದಲ್ಲಿ ಕೃಪೆಯೊಡನೆ ಮನುಷ್ಯನ ಸಹಕಾರವನ್ನೂ ಅಂತರಂಗದ ನವೀಕರಣವನ್ನೂ ಎತ್ತಿಹಿಡಿಯಿತು. ನಾಲ್ಕೂವರೆ ಶತಮಾನಗಳ ಖಂಡನೆ ಪ್ರತಿಖಂಡನೆಗಳಿಗೆ ಇವೇ ವಾಕ್ಯಗಳು ಬಾಣಗಳಾದವು.

1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್ ನಗರದಲ್ಲಿ ಕಥೋಲಿಕ ಧರ್ಮಸಭೆಯೂ ವಿಶ್ವ ಲುಥೆರನ್ ಒಕ್ಕೂಟವೂ ಈ ವಿಷಯದ ಮೇಲೆ ಜಂಟಿ ಘೋಷಣೆಗೆ ಸಹಿ ಹಾಕಿದವು. ಅದರ ವಿಧಾನ ಗುರುಅಭ್ಯರ್ಥಿಗಳ ವಿಶೇಷ ಅಧ್ಯಯನಕ್ಕೆ ಯೋಗ್ಯ. ಮೊದಲು ಇಬ್ಬರೂ ಕೂಡಿ ಅರಿಕೆ ಮಾಡಬಲ್ಲ ಸತ್ಯವನ್ನು ಅದು ಹೇಳುತ್ತದೆ: ನಮ್ಮ ಯೋಗ್ಯತೆಯಿಂದಲ್ಲ, ಕ್ರಿಸ್ತನ ರಕ್ಷಣಾಕಾರ್ಯದಲ್ಲಿನ ವಿಶ್ವಾಸದ ಮೂಲಕ, ಕೃಪೆಯಿಂದಲೇ ನಾವು ಸ್ವೀಕೃತರಾಗಿ, ನಮ್ಮನ್ನು ನವೀಕರಿಸಿ ಸತ್ಕಾರ್ಯಗಳಿಗೆ ಕರೆಯುವ ಪವಿತ್ರಾತ್ಮರನ್ನು ಪಡೆಯುತ್ತೇವೆ. ಬಳಿಕ ಲುಥೆರನ್ನರ ಒತ್ತು ಎಲ್ಲಿ, ಕಥೋಲಿಕರ ಒತ್ತು ಎಲ್ಲಿ ಎಂಬುದನ್ನು ಪ್ರತ್ಯೇಕವಾಗಿ, ಮರೆಮಾಚದೆ ವಿವರಿಸುತ್ತದೆ. ಕೊನೆಗೆ, ಹೀಗೆ ವಿವರಿಸಿದ ಬೋಧನೆಗೆ 16ನೆಯ ಶತಮಾನದ ಪರಸ್ಪರ ಖಂಡನೆಗಳು ತಗಲುವುದಿಲ್ಲವೆಂದು ಸಾರುತ್ತದೆ. ಯಾರ ಓದನ್ನೂ ಅಳಿಸಲಿಲ್ಲ. ಓದುಗಳ ನಡುವಣ ಶಾಪವನ್ನು ಅಳಿಸಿದರು.

ನಮ್ಮ ಸೀಮೆಗೆ ಇದರ ಸಂಬಂಧ ನೇರವಾದುದು. 2006ರ ಜುಲೈ 23ರಂದು ಸಿಯೋಲ್ ನಗರದಲ್ಲಿ ವಿಶ್ವ ಮೆಥೋಡಿಸ್ಟ್ ಪರಿಷತ್ತು ಈ ಘೋಷಣೆಯೊಡನೆ ತನ್ನನ್ನು ಜೋಡಿಸಿಕೊಂಡಿತು. ಕಲಬುರಗಿ ಧರ್ಮಕ್ಷೇತ್ರಕ್ಕೆ ಆಗ ಒಂದು ವರ್ಷ ತುಂಬಿತ್ತು. ಅಂದಿನಿಂದ ಕಲಬುರಗಿಯ ಕಥೋಲಿಕ ಗುರುವೂ ನೆರೆಯ ಮೆಥೋಡಿಸ್ಟ್ ಸಭಾಪಾಲಕರೂ ರಕ್ಷಣೆಯ ಕೇಂದ್ರ ಪ್ರಶ್ನೆಯಲ್ಲಿ, ಜಾಗತಿಕ ಮಟ್ಟದಲ್ಲಿ, ಒಪ್ಪಿದವರೇ ಆಗಿದ್ದಾರೆ. ಮೆಥೋಡಿಸ್ಟರಿಗೆ ಈ ಹೆಜ್ಜೆ ಸಹಜವೂ ಆಗಿತ್ತು. 1738ರ ಮೇ 24ರಂದು ಲಂಡನ್ನಿನಲ್ಲಿ, ರೋಮನರಿಗೆ ಬರೆದ ಪತ್ರಕ್ಕೆ ಲುಥರನು ಬರೆದ ಮುನ್ನುಡಿಯನ್ನು ಕೇಳುತ್ತಿದ್ದಾಗ ವೆಸ್ಲಿಯ ಹೃದಯ ಪರಿವರ್ತನೆಗೊಂಡಿತು. ಆದರೆ ವಿಶ್ವಾಸಿಯು ಪಾವಿತ್ರ್ಯದಲ್ಲಿ ಬೆಳೆಯಬೇಕೆಂಬ ಒತ್ತನ್ನು ಅವನು ಎಂದೂ ಬಿಡಲಿಲ್ಲ. ರೋಮನರಿಗೆ ಬರೆದ ಪತ್ರವನ್ನೂ ಯಕೋಬನ ಪತ್ರವನ್ನೂ ಒಟ್ಟಿಗೆ ಹಿಡಿಯಲು ಆತನ ಪರಂಪರೆ ಮೊದಲಿನಿಂದ ಯತ್ನಿಸಿತು. 1749ರಲ್ಲಿ ಆತನು ಕಥೋಲಿಕನೊಬ್ಬನಿಗೆ ಬರೆದ ಬಹಿರಂಗ ಪತ್ರ, ಒಂದೇ ಬಗೆಯಾಗಿ ಚಿಂತಿಸಲಾಗದಿದ್ದರೂ ಒಂದೇ ಬಗೆಯಾಗಿ ಪ್ರೀತಿಸುವ ದಾರಿಯನ್ನು ಹುಡುಕುತ್ತದೆ.

ಕನ್ನಡದಲ್ಲಿ ಈ ಚರ್ಚೆಗೆ ಇನ್ನೊಂದು ಆಯಾಮವಿದೆ. ಪೌಲನ ಗ್ರೀಕ್ ಪದವನ್ನು ಹಳೆಯ ಸತ್ಯವೇದವು ‘ನೀತಿ’ ಎಂಬ ಮಾತಿನಿಂದ ತಂದಿತು. ನಮ್ಮ ಸಾಮಾನ್ಯ ಭಾಷೆಯ ಅನುವಾದ ‘ಸತ್ಸಂಬಂಧ’ ಎಂಬ ಮಾತನ್ನು ಬಳಸಿತು. ಮೊದಲನೆಯದನ್ನು ಕೇಳಿದವನಿಗೆ ನ್ಯಾಯಸ್ಥಾನ ಕಣ್ಣಮುಂದೆ ಬರುತ್ತದೆ: ಅಪರಾಧಿಯನ್ನು ನಿರ್ದೋಷಿಯೆಂದು ಸಾರುವ ತೀರ್ಪು. ಎರಡನೆಯದನ್ನು ಕೇಳಿದವನಿಗೆ ಮನೆ ಕಾಣುತ್ತದೆ: ಮುನಿದು ಹೋದ ಮಗ ತಂದೆಯ ಬಳಿಗೆ ಮರಳುವುದು. ಮೂಲ ಪದದ ಹಿಂದಿರುವ ಹೀಬ್ರೂ ಚಿಂತನೆಯಲ್ಲಿ ಎರಡೂ ಇವೆ. ಒಡಂಬಡಿಕೆಗೆ ನಿಷ್ಠನಾದ ದೇವರು ತೀರ್ಪನ್ನೂ ಕೊಡುತ್ತಾನೆ, ಬಂಧವನ್ನೂ ಕಟ್ಟುತ್ತಾನೆ. ತೀರ್ಪಿಲ್ಲದ ಸಂಬಂಧ ಅಗ್ಗವಾದೀತು. ಸಂಬಂಧವಿಲ್ಲದ ತೀರ್ಪು ತಣ್ಣಗಾದೀತು. ಎರಡು ಅನುವಾದಗಳನ್ನೂ ಓದಿದ ಕನ್ನಡಿಗನು ಒಂದನ್ನೇ ಓದಿದವನಿಗಿಂತ ಪೌಲನಿಗೆ ಹತ್ತಿರವಾಗುತ್ತಾನೆ.

ಎಲ್ಲೆ ಎಲ್ಲಿ?

ಇಲ್ಲೊಂದು ಆಕ್ಷೇಪ ಸಹಜ. ಎಲ್ಲ ಓದುಗಳಿಗೂ ಸ್ಥಾನವಿದೆಯೆಂದರೆ ಸತ್ಯಕ್ಕೆ ಸ್ಥಾನವೆಲ್ಲಿ? ಆರಿಯನೂ ಅಥನೇಷಿಯಸನೂ ಜ್ಞಾನೋಕ್ತಿ 8:22ನ್ನು ದೇವಪುತ್ರನ ಕುರಿತಾದ ಮಾತೆಂದೇ ಓದಿದರು. ಆದರೆ ಒಬ್ಬನು ಅದರಿಂದ ಪುತ್ರನು ಸೃಷ್ಟಿಯೆಂದನು. 325ರ ನೈಸಿಯ ಮಹಾಸಭೆ ಅದನ್ನು ಸಹ್ಯವಾದ ಭೇದವೆಂದು ಬಿಡಲಿಲ್ಲ. ಗ್ರಂಥದಲ್ಲಿ ಇಲ್ಲದ ಪದವೊಂದನ್ನು ಬಳಸಿಯಾದರೂ ಗ್ರಂಥದ ಅರ್ಥವನ್ನು ಕಾಪಾಡಿತು. ಪಾಸ್ಖದ ದಿನದ ಭೇದಕ್ಕೆ ಒಂದು ನೀತಿ, ಪುತ್ರನ ದೈವತ್ವದ ಭೇದಕ್ಕೆ ಇನ್ನೊಂದು. ದ್ವಿತೀಯ ವ್ಯಾಟಿಕನ್ ಮಹಾಸಭೆಯ 1964ರ ಐಕ್ಯದ ತೀರ್ಪು ತನ್ನ 11ನೆಯ ಪರಿಚ್ಛೇದದಲ್ಲಿ ಸತ್ಯಗಳಿಗೂ ಒಂದು ಶ್ರೇಣಿಯಿದೆ, ಅವು ವಿಶ್ವಾಸದ ಅಡಿಪಾಯದೊಡನೆ ಬೇರೆ ಬೇರೆ ಬಗೆಯಲ್ಲಿ ಸಂಬಂಧ ಹೊಂದಿವೆ ಎಂದು ಬೋಧಿಸಿದುದು ಈ ವಿವೇಚನೆಗಾಗಿಯೇ. ಒಂದು ಓದು ನಮ್ಮನ್ನು ತ್ರೈಏಕ ದೇವರಿಂದ, ಮನುಷ್ಯನಾದ ವಾರ್ತೆಯಿಂದ ದೂರ ಮಾಡುವುದೇ, ಅಥವಾ ಅದೇ ರಹಸ್ಯದ ಇನ್ನೊಂದು ಮಗ್ಗುಲನ್ನು ತೋರಿಸುವುದೇ ಎಂಬುದು ಮೊದಲ ಪ್ರಶ್ನೆ.

ಪರಮಪ್ರಸಾದದಲ್ಲಿ ನಾವಿನ್ನೂ ಒಂದೇ ಪೀಠದ ಸುತ್ತ ನಿಲ್ಲಲಾರೆವು. ಗುರುಪಟ್ಟದ ಬಗ್ಗೆ, ಬೋಧನಾಧಿಕಾರದ ಬಗ್ಗೆ, ಆ ಏಳು ಗ್ರಂಥಗಳ ಬಗ್ಗೆ ಒಮ್ಮತವಿಲ್ಲ. ಈ ನೋವನ್ನು ಇಲ್ಲವೆಂದು ನಟಿಸುವುದು ಐಕ್ಯವಾಗಲಾರದು. ಆದರೆ ಉಳಿದ ಭೇದವನ್ನು ನೆಪಮಾಡಿ, ಈಗಾಗಲೇ ದೊರೆತ ಐಕ್ಯವನ್ನು ಬಳಸದೆ ಬಿಡುವುದು ಅದಕ್ಕಿಂತ ದೊಡ್ಡ ಲೋಪ. ದೀಕ್ಷಾಸ್ನಾನದಲ್ಲಿ ನಾವು ಒಂದೇ. ನೀರಿನಿಂದ, ತ್ರೈಏಕ ದೇವರ ಹೆಸರಿನಲ್ಲಿ ಮೆಥೋಡಿಸ್ಟ್ ಸಭೆಯಲ್ಲಿ ಸ್ನಾನ ಪಡೆದವರಿಗೆ ಮತ್ತೆ ಸ್ನಾನ ನೀಡುವಂತಿಲ್ಲ. ಗಂಭೀರ ಸಂದೇಹವಿದ್ದಾಗ ಮಾತ್ರ ಷರತ್ತಿನ ಸ್ನಾನಕ್ಕೆ ಅವಕಾಶವೆಂಬುದನ್ನು 1993ರ ಐಕ್ಯ ನಿರ್ದೇಶಿಕೆ ವಿವರಿಸುತ್ತದೆ. ನೋಂದಣಿ ಪುಸ್ತಕದಲ್ಲಿ ಹೊಸ ಹೆಸರು ಸೇರಿಸುವ ಹುಮ್ಮಸ್ಸಿನಲ್ಲಿ ಈ ನಿಯಮವನ್ನು ಮೀರುವ ಗುರು, ತನಗೆ ಗೊತ್ತಿಲ್ಲದೆಯೇ ಡೊನಾಟಿಸ್ಟರ ಸಾಲಿನಲ್ಲಿ ನಿಲ್ಲುತ್ತಾನೆ.

ಮುಂದಿನ ಕರ್ತವ್ಯ ಭಾಷೆಯದು. ಈ ಸೀಮೆಗೆ ಹೋಗುವ ಗುರುಅಭ್ಯರ್ಥಿ ಎರಡೂ ಕನ್ನಡಗಳನ್ನು ಕಲಿಯಬೇಕು. ನಂಬಿಕೆ ಎಂದವನಿಗೆ ವಿಶ್ವಾಸವೆಂದು ತಿದ್ದುವ ಮೊದಲು, ಅವನ ಮಾತಿನಲ್ಲಿ ನಮ್ಮ ವಿಶ್ವಾಸವೇ ಇದೆಯೇ ಎಂದು ಕೇಳಿಸಿಕೊಳ್ಳಬೇಕು. ಎದುರು ಪಕ್ಷದ ಓದನ್ನು ಅದರ ದುರ್ಬಲ ರೂಪದಲ್ಲಿ ಖಂಡಿಸುವುದು ಸುಲಭ. ಪ್ರಬಲ ರೂಪದಲ್ಲಿ ಅರಿಯುವುದು ದೈವಶಾಸ್ತ್ರಜ್ಞನ ಕೆಲಸ. ಕೊನೆಯದಾಗಿ, ಕಾಲದ ಬಗ್ಗೆ ತಾಳ್ಮೆ ಬೇಕು. ತರಂಗಂಬಾಡಿಯಿಂದ ಮದರಾಸಿಗೆ 28 ವರ್ಷ ಹಿಡಿಯಿತು. ಟ್ರೆಂಟಿನಿಂದ ಆಗ್ಸ್‌ಬರ್ಗಿಗೆ 452 ವರ್ಷ. ಐಕ್ಯವನ್ನು ಅವಸರದಿಂದ ಘೋಷಿಸಿದವರಿಗಿಂತ, ಮಾತುಕತೆಯನ್ನು ಮುರಿಯದೆ ಮುಂದಿನ ತಲೆಮಾರಿಗೆ ಒಪ್ಪಿಸಿದವರಿಗೆ ಧರ್ಮಸಭೆ ಹೆಚ್ಚು ಋಣಿ.

ಕ್ರೈಸ್ತರು ಅಲ್ಪಸಂಖ್ಯಾತರಾದ ಈ ನಾಡಿನಲ್ಲಿ ನಮ್ಮ ಒಡಕು ನಮ್ಮೊಳಗೇ ಉಳಿಯುವುದಿಲ್ಲ. ಶರಣರ ಕಲ್ಯಾಣ ಇಲ್ಲಿಂದ ದೂರವಿಲ್ಲ. ಬಂದೇ ನವಾಜರ ದರ್ಗಾ ಕಲಬುರಗಿ ನಗರದಲ್ಲೇ ಇದೆ. ಅನುಭಾವವನ್ನೂ ನಡೆನುಡಿಯ ಹೊಂದಾಣಿಕೆಯನ್ನೂ ಬೆಲೆಯುಳ್ಳದ್ದೆಂದು ಬಲ್ಲ ಜನ ನಮ್ಮನ್ನು ನೋಡುತ್ತಿದ್ದಾರೆ. ತನ್ನ ಶಿಷ್ಯರು ಒಂದಾಗಿದ್ದರೆ ಲೋಕವು ನಂಬುವುದೆಂದು ಪ್ರಭು ಪ್ರಾರ್ಥಿಸಿದ್ದು ಯೊವಾನ್ನನ 17ನೆಯ ಅಧ್ಯಾಯದಲ್ಲಿದೆ. ಆ ಪ್ರಾರ್ಥನೆಯ ಉತ್ತರ ಭಾಗಶಃ ನಮ್ಮ ಕೈಯಲ್ಲಿದೆ. ಪ್ರತಿವರ್ಷ ಜನವರಿ 18ರಿಂದ 25ರವರೆಗೆ ನಡೆಯುವ ಐಕ್ಯ ಪ್ರಾರ್ಥನಾ ಸಪ್ತಾಹದಲ್ಲಿ, ಭಾಷಣಗಳ ಬದಲಾಗಿ ಒಂದು ಸಂಜೆ, ಕಥೋಲಿಕ ಗುರುವೂ ಮೆಥೋಡಿಸ್ಟ್ ಸಭಾಪಾಲಕರೂ ತಮ್ಮ ತಮ್ಮ ಜನರೊಡನೆ ಕೂತು ರೋಮನರಿಗೆ ಬರೆದ ಪತ್ರದ ಮೂರನೆಯ ಅಧ್ಯಾಯವನ್ನೂ ಯಕೋಬನ ಪತ್ರದ ಎರಡನೆಯ ಅಧ್ಯಾಯವನ್ನೂ ಎರಡು ಅನುವಾದಗಳಲ್ಲಿ ಅಕ್ಕಪಕ್ಕ ಓದಲಿ. ಆ ಓದಿಗೆ ಯಾವ ಅಧಿಕಾರಿಯ ಹೊಸ ಅನುಮತಿಯೂ ಬೇಕಿಲ್ಲ; 1965ರಲ್ಲೂ 2006ರಲ್ಲೂ ಅದರ ದಾರಿ ತೆರೆದಿದೆ.